ಶಿಶು ಜ್ಞಾನಸ್ನಾನ: ತಡವೇಕೆ?

ಮಗುವಿನ ಜ್ಞಾನಸ್ನಾನಕ್ಕೆ ದಿನ ಗೊತ್ತುಮಾಡಲು ಧರ್ಮಕೇಂದ್ರದ ಕಚೇರಿಗೆ ಬರುವ ದಂಪತಿಗಳಲ್ಲಿ ಹಲವರು ಈಚಿನ ವರ್ಷಗಳಲ್ಲಿ ದಿನಾಂಕವನ್ನು ತಾವೇ ನಿಶ್ಚಯಿಸಿಕೊಂಡು ಬರುತ್ತಾರೆ. ಆ ದಿನವೇ ಏಕೆ ಎಂದು ವಿಚಾರಿಸಿದರೆ, ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಚಿಕ್ಕಪ್ಪನ ರಜೆ, ಸಭಾಂಗಣದ ಲಭ್ಯತೆ, ಅಡುಗೆಯವರ ಬಿಡುವು ಇವೆಲ್ಲವೂ ಕೂಡಿಬಂದ ದಿನ ಅದೆಂದು ತಿಳಿಯುತ್ತದೆ. ಮಗುವಿಗೆ ಅಷ್ಟರಲ್ಲಿ ಎಂಟು ತಿಂಗಳಾಗಿರುತ್ತದೆ. ಕೆಲವೊಮ್ಮೆ ವರ್ಷವೇ ತುಂಬಿ, ಮೊದಲ ಹುಟ್ಟುಹಬ್ಬವೂ ಜ್ಞಾನಸ್ನಾನವೂ ಒಂದೇ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುತ್ತವೆ. ಒಂದೇ ಖರ್ಚಿನಲ್ಲಿ ಎರಡು ಶುಭಕಾರ್ಯ ಮುಗಿಯಿತೆಂಬ ಗೃಹಸ್ಥರ ಲೆಕ್ಕಾಚಾರ ಅರ್ಥವಾಗದ್ದೇನಲ್ಲ. ಆದರೆ ಆ ಲೆಕ್ಕದಲ್ಲಿ ಮಗುವಿನ ಪಾಲು ಎಲ್ಲಿದೆ ಎಂಬುದನ್ನು ಕ್ರೈಸ್ತ ಕುಟುಂಬಗಳು ಗಂಭೀರವಾಗಿ ಯೋಚಿಸಬೇಕಾಗಿದೆ.

ಈ ವಿಷಯದಲ್ಲಿ ಧರ್ಮಸಭೆಯ ನಿಲುವು ಸ್ಪಷ್ಟವಾಗಿದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 867ನೆಯ ವಿಧಿಯು, ಮಗು ಹುಟ್ಟಿದ ಮೊದಲ ಕೆಲವು ವಾರಗಳಲ್ಲಿಯೇ ಅದಕ್ಕೆ ಜ್ಞಾನಸ್ನಾನ ಕೊಡಿಸುವುದು ತಂದೆತಾಯಿಗಳ ಕರ್ತವ್ಯವೆಂದು ವಿಧಿಸುತ್ತದೆ. ಮಗು ಹುಟ್ಟಿದೊಡನೆ, ಸಾಧ್ಯವಾದರೆ ಹುಟ್ಟುವ ಮುನ್ನವೇ, ಅವರು ಧರ್ಮಕೇಂದ್ರದ ಗುರುಗಳನ್ನು ಕಂಡು ಸಂಸ್ಕಾರವನ್ನು ಬೇಡಬೇಕು ಮತ್ತು ಅದಕ್ಕಾಗಿ ತಕ್ಕ ಸಿದ್ಧತೆ ಮಾಡಿಕೊಳ್ಳಬೇಕೆಂದೂ ಅದೇ ವಿಧಿ ಹೇಳುತ್ತದೆ. ಅಲ್ಲಿರುವ ಮಾತು ವಾರಗಳದ್ದು, ತಿಂಗಳುಗಳದ್ದಲ್ಲ.

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಈ ಮಾತನ್ನು ಯಾರೂ ನೆನಪಿಸಬೇಕಾಗಿರಲಿಲ್ಲ. ಮಗು ಹುಟ್ಟಿ ವಾರ ಕಳೆಯುವುದರೊಳಗೆ ಜ್ಞಾನ ತಂದೆತಾಯಿಯರು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದೇವಾಲಯಕ್ಕೆ ಬರುತ್ತಿದ್ದರು. ಹೆತ್ತ ತಾಯಿ ಬಾಣಂತಿಕೋಣೆಯಲ್ಲಿಯೇ ಇರುತ್ತಿದ್ದಳು. ತನ್ನ ಮಗುವಿನ ಜ್ಞಾನಸ್ನಾನವನ್ನು ಕಣ್ಣಾರೆ ಕಾಣದ ತಾಯಂದಿರು ಆ ತಲೆಮಾರಿನಲ್ಲಿ ಅಸಂಖ್ಯಾತ. ಈ ತ್ವರೆಯ ಹಿಂದೆ ಇದ್ದದ್ದು ಬಹುಪಾಲು ಭಯ. ಶಿಶುಮರಣ ಮನೆಮನೆಯ ಅನುಭವವಾಗಿದ್ದ ದಿನಗಳವು. ಜ್ಞಾನಸ್ನಾನವಿಲ್ಲದೆ ಸತ್ತ ಶಿಶು ಸ್ವರ್ಗವನ್ನು ಕಾಣದೆ, ನೋವೂ ಇಲ್ಲದ ದೇವದರ್ಶನವೂ ಇಲ್ಲದ 'ಲಿಂಬೋ' ಎಂಬ ಸ್ಥಿತಿಯಲ್ಲಿ ಉಳಿಯುತ್ತದೆ ಎಂಬ ಅಭಿಪ್ರಾಯ ಉಪದೇಶ ತರಗತಿಗಳಲ್ಲಿ ನಿರ್ವಿವಾದ ಸತ್ಯದಂತೆ ಬೋಧಿಸಲ್ಪಡುತ್ತಿತ್ತು. 1917ರ ಹಳೆಯ ಸಂಹಿತೆ ಅಂಥ ಶಿಶುಗಳಿಗೆ ಧರ್ಮಸಭೆಯ ಅಂತ್ಯಕ್ರಿಯೆಯನ್ನು ಒಪ್ಪುತ್ತಿರಲಿಲ್ಲ. ಅವುಗಳನ್ನು ಪವಿತ್ರೀಕರಿಸಿದ ಸಮಾಧಿ ಭೂಮಿಯ ಹೊರಗೆ, ಬೇಲಿಯ ಅಂಚಿನಲ್ಲಿ, ಗುರುತೂ ಇಲ್ಲದಂತೆ ಹೂಳುವ ರೂಢಿ ಹಲವೆಡೆ ಇತ್ತು.

ಲಿಂಬೋ ಎಂಬುದು ದೇವಶಾಸ್ತ್ರಜ್ಞರ ಅಭಿಪ್ರಾಯವಾಗಿತ್ತೇ ಹೊರತು ಧರ್ಮಸಭೆ ಘೋಷಿಸಿದ ವಿಶ್ವಾಸಸತ್ಯ ಎಂದೂ ಆಗಿರಲಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಆ ಪದವನ್ನೇ ಬಳಸದೆ, ಜ್ಞಾನಸ್ನಾನ ಪಡೆಯದೆ ಸತ್ತ ಶಿಶುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. ಮಕ್ಕಳನ್ನು ತನ್ನ ಬಳಿಗೆ ಬರಗೊಡಿಸಿಕೊಂಡ ಯೇಸುವಿನ ವಾತ್ಸಲ್ಯವನ್ನು ನೆನೆದು, ಅವರಿಗೂ ರಕ್ಷಣೆಯ ಮಾರ್ಗವಿದೆ ಎಂದು ನಿರೀಕ್ಷಿಸಲು ಅನುಮತಿ ನೀಡುತ್ತದೆ. 2007ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರ ಅನುಮತಿಯೊಂದಿಗೆ ಪ್ರಕಟವಾದ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗದ ದೀರ್ಘ ಅಧ್ಯಯನವೂ ಈ ನಿರೀಕ್ಷೆಗೆ ಬಲವಾದ ಆಧಾರಗಳಿವೆ ಎಂದಿತು. ಗರ್ಭದಲ್ಲಿಯೇ ಅಥವಾ ಹುಟ್ಟಿದ ಗಳಿಗೆಯಲ್ಲಿಯೇ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಈ ಅಂಕಣವನ್ನು ಓದುತ್ತಿದ್ದರೆ, ವರ್ಷಗಳಿಂದ ಯಾರಲ್ಲೂ ಕೇಳದೆ ಎದೆಯಲ್ಲಿಟ್ಟುಕೊಂಡಿರುವ ಪ್ರಶ್ನೆಗೆ ಇದು ಧರ್ಮಸಭೆಯ ಉತ್ತರವೆಂದು ದಯವಿಟ್ಟು ಸ್ವೀಕರಿಸಬೇಕು. ನಿಮ್ಮ ಮಗುವನ್ನು ನಿಮಗಿಂತ ಹೆಚ್ಚಾಗಿ ಪ್ರೀತಿಸುವವನ ಕೈಯಲ್ಲಿ ಅದು ಇದೆ. ಅಂಥ ಶಿಶುವಿಗೆ, ತಂದೆತಾಯಿಗಳು ಜ್ಞಾನಸ್ನಾನ ಕೊಡಿಸಬೇಕೆಂದಿದ್ದಲ್ಲಿ, ಧರ್ಮಾಧ್ಯಕ್ಷರ ಅನುಮತಿಯಿಂದ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಡೆಸಲು ಇಂದಿನ ಸಂಹಿತೆಯ 1183ನೆಯ ವಿಧಿ ಅವಕಾಶ ಮಾಡಿಕೊಟ್ಟಿದೆ.

ಹೀಗೆ ಭಯ ನೀಗಿತು. ಆದರೆ ಭಯದ ಜೊತೆಗೆ ತ್ವರೆಯೂ ಹೊರಟುಹೋಯಿತು ಎಂಬುದೇ ಇಂದಿನ ತೊಡಕು. ದೇವರು ಕರುಣಾಮಯನಲ್ಲವೇ, ನಾಲ್ಕು ತಿಂಗಳು ತಡವಾದರೇನು ಎಂಬ ಮಾತು ಈಗ ಸಾಮಾನ್ಯವಾಗಿದೆ. ಮೇಲೆ ಹೇಳಿದ 2007ರ ಅಧ್ಯಯನವೇ ಈ ವಾದವನ್ನು ಮುಂಗಂಡು ತಡೆದಿದೆ. ತಾನು ತೋರಿಸಿರುವ ನಿರೀಕ್ಷೆಯನ್ನು ಜ್ಞಾನಸ್ನಾನದ ಅಗತ್ಯವನ್ನು ಕುಗ್ಗಿಸಲಾಗಲಿ, ಅದನ್ನು ಮುಂದೂಡಲಾಗಲಿ ಬಳಸಬಾರದೆಂದು ಅದು ಎಚ್ಚರಿಸುತ್ತದೆ. ಇದರ ತರ್ಕ ಸರಳವಾಗಿದೆ. ಔತಣವನ್ನು ತಪ್ಪಿಸಿಕೊಂಡವನನ್ನು ಮನೆಯೊಡೆಯ ಹಸಿದು ಸಾಯಗೊಡುವುದಿಲ್ಲ ಎಂದು ತಿಳಿದ ಮಾತ್ರಕ್ಕೆ, ಕರೆ ಬಂದಾಗ ಹೊರಡದೆ ಕುಳಿತಿರುವುದು ವಿವೇಕವಾಗುವುದಿಲ್ಲ.

ಹಾಗಾದರೆ ಜ್ಞಾನಸ್ನಾನ ಮಗುವಿಗೆ ಕೊಡುವುದಾದರೂ ಏನನ್ನು? ಜನ್ಮಪಾಪದಿಂದ ಬಿಡುಗಡೆ ಎಂದು ನಾವೆಲ್ಲ ಬಾಲ್ಯದಲ್ಲಿ ಕಲಿತಿದ್ದೇವೆ. ಆ ಉತ್ತರ ಸರಿಯಾದದ್ದೇ. ಆದರೆ ಅದನ್ನು ಕೇಳಿದ ಅನೇಕ ಯುವ ತಂದೆತಾಯಿಗಳಿಗೆ, ಹಾಲು ಬಿಟ್ಟು ಬೇರೇನನ್ನೂ ಅರಿಯದ ಕೂಸು ಮಾಡಿದ ಪಾಪವೇನು ಎಂಬ ಅಸಮಾಧಾನ ಹುಟ್ಟುತ್ತದೆ. ಕೂಸು ಯಾವ ಪಾಪವನ್ನೂ ಮಾಡಿಲ್ಲ. ಜನ್ಮಪಾಪವನ್ನು ಪಾಪವೆಂದು ಕರೆಯುವುದು ಬೇರೊಂದು ಅರ್ಥದಲ್ಲಿ. ಅದು ಬಳುವಳಿಯಾಗಿ ಬಂದ ಸ್ಥಿತಿಯೇ ಹೊರತು ಎಸಗಿದ ಕೃತ್ಯವಲ್ಲ ಎಂದು ಧರ್ಮೋಪದೇಶ ಗ್ರಂಥ ವಿವರಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಮುತ್ತಾತ ಕಳೆದುಕೊಂಡ ಹೊಲದ ಕಥೆಗಳು ಬೇಕಾದಷ್ಟಿವೆ. ಮರಿಮಗ ಆ ಹೊಲವನ್ನು ಮಾರಿದವನಲ್ಲ, ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿದವನೂ ಅಲ್ಲ. ಆದರೂ ಅವನು ಹುಟ್ಟುವಾಗ ಮನೆಗೆ ಹೊಲವಿರುವುದಿಲ್ಲ. ಅವನ ಮೇಲೆ ತಪ್ಪನ್ನು ಹೊರಿಸಲಾಗದು, ಹಾಗೆಂದು ಅವನ ಕೊರತೆ ಸುಳ್ಳೂ ಅಲ್ಲ. ದೇವರ ಅನ್ಯೋನ್ಯತೆಯಲ್ಲಿ ಬಾಳಬೇಕೆಂದು ಸೃಷ್ಟಿಯಾದ ಮಾನವಕುಲ ಅದನ್ನು ಕಳೆದುಕೊಂಡಿತು, ಆ ಕೊರತೆಯೊಂದಿಗೇ ನಾವೆಲ್ಲ ಹುಟ್ಟುತ್ತೇವೆ. ಕ್ರಿಸ್ತನ ಮರಣ ಪುನರುತ್ಥಾನಗಳ ಫಲವಾಗಿ ಆ ಪಿತ್ರಾರ್ಜಿತವು, ಕಳೆದುಕೊಂಡದ್ದಕ್ಕಿಂತ ಬಹಳ ಹೆಚ್ಚಾಗಿ, ನೀರಿನ ಮೂಲಕ ಮಗುವಿಗೆ ಮರಳಿ ಬರುತ್ತದೆ. ಅದು ದೇವರ ಮಗುವಾಗುತ್ತದೆ, ಪವಿತ್ರಾತ್ಮರ ಆಲಯವಾಗುತ್ತದೆ, ಧರ್ಮಸಭೆಯ ಅಂಗವಾಗುತ್ತದೆ. ಇಂಥ ಆಸ್ತಿಯ ಪತ್ರ ಕೈಗೆ ಬರುವುದಿದ್ದರೆ ನೋಂದಣಿ ಕಚೇರಿಗೆ ಹೋಗಲು ನಾವು ಚಿಕ್ಕಪ್ಪನ ರಜೆಯನ್ನು ಕಾಯುತ್ತಿದ್ದೆವೇ?

ತಡ ಮಾಡಬೇಕೆನ್ನುವವರು ಹಿಂದೆಯೂ ಇದ್ದರು. ಕ್ರಿ.ಶ. 253ರ ಸುಮಾರಿಗೆ ಉತ್ತರ ಆಫ್ರಿಕದ ಫೀದುಸ್ ಎಂಬ ಧರ್ಮಾಧ್ಯಕ್ಷರು, ಯೆಹೂದ್ಯರ ಸುನ್ನತಿಯಂತೆ ಜ್ಞಾನಸ್ನಾನವನ್ನೂ ಎಂಟನೆಯ ದಿನದವರೆಗೆ ತಡೆಯಬಾರದೇಕೆ ಎಂದು ಕಾರ್ಥೇಜಿನ ಸಂತ ಸಿಪ್ರಿಯನರಿಗೆ ಬರೆದರು. ಆಗತಾನೇ ಹುಟ್ಟಿದ ಕೂಸು ಶುದ್ಧವಾಗಿರುವುದಿಲ್ಲ, ಶಾಂತಿಯ ಮುತ್ತನ್ನಿಡಲು ಜನ ಹಿಂಜರಿಯುತ್ತಾರೆ ಎಂಬುದೂ ಅವರ ಕಾರಣಗಳಲ್ಲಿ ಒಂದಾಗಿತ್ತು. ಸಿಪ್ರಿಯನರು ಅರುವತ್ತಾರು ಧರ್ಮಾಧ್ಯಕ್ಷರ ಸಭೆಯಲ್ಲಿ ವಿಷಯವನ್ನು ಚರ್ಚಿಸಿ ಉತ್ತರಿಸಿದರು. ಎಂಟು ದಿನವೂ ಕಾಯಬೇಕಾಗಿಲ್ಲ, ದೇವರ ಕೃಪೆಯನ್ನು ಯಾವ ಮಗುವಿಗೂ ತಡೆಹಿಡಿಯಬಾರದು ಎಂಬುದು ಸಭೆಯ ಒಮ್ಮತದ ತೀರ್ಮಾನ. ಮುತ್ತಿಡುವ ಮಾತಿಗೆ ಸಿಪ್ರಿಯನರು ಕೊಟ್ಟ ಸಮಾಧಾನ ಇನ್ನೂ ಸೊಗಸಾಗಿದೆ: ಕೂಸಿಗೆ ಮುತ್ತಿಡುವಾಗ, ಅದನ್ನು ಈಗತಾನೇ ರೂಪಿಸಿ ಬಿಟ್ಟ ದೇವರ ಕೈಗಳಿಗೇ ಮುತ್ತಿಡುತ್ತಿದ್ದೇವೆಂದು ಭಾವಿಸಬೇಕಂತೆ. ಹೆರಿಗೆಯ ಮೈಲಿಗೆ ಕಳೆಯಲಿ, ಬಾಣಂತಿಗೆ ನಲವತ್ತು ದಿನ ತುಂಬಲಿ ಎಂದು ಮಗುವನ್ನು ದೇವಾಲಯದಿಂದ ದೂರವಿಡುವ ಕುಟುಂಬಗಳು ನಮ್ಮಲ್ಲಿ ಇನ್ನೂ ಇವೆ. ಬಾಣಂತಿಯ ವಿಶ್ರಾಂತಿ ಬೇಕಾದದ್ದೇ. ಮೈಲಿಗೆಯ ಮಾತಿಗೆ ಮಾತ್ರ 1,700 ವರ್ಷಗಳ ಹಿಂದೆಯೇ ಉತ್ತರ ದೊರೆತಿದೆ.

ತಡದ ಬೆಲೆಯನ್ನು ತೆತ್ತವರ ಸಾಕ್ಷ್ಯವೂ ನಮ್ಮ ಮುಂದಿದೆ. ಸಂತ ಅಗಸ್ಟೀನರು 354ರಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಕಾಯಿಲೆ ಬಿದ್ದು ಸಾವಿನ ಅಂಚಿಗೆ ಹೋದಾಗ ಜ್ಞಾನಸ್ನಾನಕ್ಕೆ ಏರ್ಪಾಡಾಗಿತ್ತು. ಹುಡುಗ ಚೇತರಿಸಿಕೊಂಡ, ಏರ್ಪಾಡು ನಿಂತುಹೋಯಿತು. ಮುಂದೆ ಯೌವನದಲ್ಲಿ ಪಾಪಕ್ಕೆ ಬೀಳುವುದು ಹೇಗೂ ಇದ್ದದ್ದೇ, ಜ್ಞಾನಸ್ನಾನದ ನಂತರ ಬಿದ್ದರೆ ಅಪರಾಧ ಇನ್ನೂ ದೊಡ್ಡದು ಎಂಬುದು ಆ ಕಾಲದ ಆಲೋಚನೆ. ಕೊನೆಗೆ 387ರ ಪಾಸ್ಖ ಜಾಗರಣೆಯಂದು, ತಮ್ಮ ಹದಿಹರೆಯದ ಮಗನ ಜೊತೆಯಲ್ಲಿಯೇ, ಮಿಲಾನಿನ ಸಂತ ಆಂಬ್ರೋಸರ ಕೈಯಿಂದ ಅವರು ಜ್ಞಾನಸ್ನಾನ ಪಡೆದರು. ತಮ್ಮ ಆತ್ಮನಿವೇದನೆಯಲ್ಲಿ ಅಗಸ್ಟೀನರು, ಅಂದು ಹಾಗೇಕೆ ಮುಂದೂಡಿದರು, ಅದರಿಂದ ನನಗಾದ ಒಳಿತೇನು ಎಂದು ದೇವರನ್ನೇ ಕೇಳುತ್ತಾರೆ. ಸಂತ ಮೋನಿಕಳಂಥ ತಾಯಿಯ ಮನೆಯಲ್ಲಿಯೂ ಹೀಗಾಯಿತು ಎಂಬುದು ನಮ್ಮ ತಾಯಂದಿರಿಗೆ ಸಮಾಧಾನವನ್ನೂ ಎಚ್ಚರಿಕೆಯನ್ನೂ ಕೊಡಬಹುದು.

ಓದಿದ ಯುವಕರಿಂದ ಬರುವ ಆಕ್ಷೇಪ ಬೇರೆಯದು. ಮಗುವಿನ ಒಪ್ಪಿಗೆಯಿಲ್ಲದೆ ಅದರ ಮೇಲೆ ಧರ್ಮವನ್ನು ಹೇರುವುದು ಅನ್ಯಾಯವಲ್ಲವೇ, ದೊಡ್ಡವನಾದ ಮೇಲೆ ತಾನೇ ಆರಿಸಿಕೊಳ್ಳಲಿ ಎಂಬುದು ಅವರ ವಾದ. ಇದನ್ನು ಅಸಡ್ಡೆಯ ಮಾತೆಂದು ತಳ್ಳಿಹಾಕಬಾರದು. ಸ್ವಾತಂತ್ರ್ಯದ ಬಗೆಗಿನ ಗೌರವ ಅದರಲ್ಲಿದೆ. ಆದರೆ ಸ್ವಾತಂತ್ರ್ಯ ಬರಿದಾದ ನೆಲದಲ್ಲಿ ಬೆಳೆಯುವುದಿಲ್ಲ. ಹದಿನೆಂಟು ತುಂಬಿದ ಮೇಲೆ ತನಗಿಷ್ಟವಾದ ಭಾಷೆಯನ್ನು ಆರಿಸಿಕೊಳ್ಳಲಿ ಎಂದು ಯಾವ ತಾಯಿಯೂ ಮಗುವಿನೊಡನೆ ಮೂಕಳಾಗಿರುವುದಿಲ್ಲ. ಅವಳು ಕೇಳದೆಯೇ ಕನ್ನಡವನ್ನು ಅದರ ಕಿವಿಗೆ ಸುರಿಯುತ್ತಾಳೆ. ಹಾಗೆ ಪಡೆದ ನುಡಿಯಿಂದಲೇ ಮಗು ಮುಂದೆ ಬೇರೆ ನುಡಿಗಳನ್ನು ಕಲಿಯುತ್ತದೆ, ಪ್ರಶ್ನಿಸುತ್ತದೆ, ಬೇಕಾದರೆ ತಾಯಿಯನ್ನೇ ಎದುರಿಸಿ ಮಾತಾಡುತ್ತದೆ. ಮೊದಲು ಕೊಟ್ಟ ನುಡಿ ಅದರ ಬಾಯನ್ನು ಕಟ್ಟುವುದಿಲ್ಲ, ತೆರೆಯುತ್ತದೆ. ವಿಶ್ವಾಸದ ವಿಷಯದಲ್ಲಿ ಸಂತ ತೋಮಸ್ ಅಕ್ವಿನಾಸರು ಇದೇ ದಾರಿಯಲ್ಲಿ ಇನ್ನೂ ಹಿಂದಕ್ಕೆ, ಗರ್ಭದವರೆಗೆ ಹೋಗುತ್ತಾರೆ. ಗರ್ಭದಲ್ಲಿರುವ ಶಿಶು ತಾನಾಗಿ ಉಣ್ಣದೆ ತಾಯಿಯ ಊಟದಿಂದ ಪೋಷಣೆ ಪಡೆಯುವಂತೆ, ವಿವೇಕ ಮೂಡದ ಮಗು ಧರ್ಮಸಭೆ ಎಂಬ ತಾಯಿಯ ವಿಶ್ವಾಸದಿಂದ ರಕ್ಷಣೆಯನ್ನು ಪಡೆಯುತ್ತದೆ ಎಂಬುದು ಅವರ ವಿವರಣೆ.

ಇಲ್ಲಿ ನಮ್ಮ ಪದದ ಬಗ್ಗೆಯೂ ಒಂದು ಮಾತು. ಏನೂ ಅರಿಯದ ಕೂಸಿಗೆ 'ಜ್ಞಾನ'ಸ್ನಾನವೇ ಎಂದು ಕೆಲವರು ನಗೆಯಾಡುವುದುಂಟು. ತಮಿಳಿನಿಂದ ನಮಗೆ ಬಂದಿರುವ ಈ ಹಳೆಯ ಕ್ರೈಸ್ತ ಬಳಕೆಯಲ್ಲಿ ಜ್ಞಾನ ಎಂದರೆ ಆತ್ಮಕ್ಕೆ ಸಂಬಂಧಿಸಿದ್ದು ಎಂದರ್ಥ. ಜ್ಞಾನ ತಂದೆ ಎಂಬಲ್ಲಿಯೂ ಅದೇ ಅರ್ಥ. ಈಗಿನ ನಮ್ಮ ಬೈಬಲಿನಲ್ಲಿ ಬರುವ ಸ್ನಾನದೀಕ್ಷೆ ಎಂಬ ಪದ ಈ ಗೊಂದಲವನ್ನು ತಪ್ಪಿಸುತ್ತದೆ, ಆದರೆ ಹಿರಿಯರ ನಾಲಗೆಯಿಂದ ಹಳೆಯ ಪದವನ್ನು ಕೀಳಬೇಕಾದ ಅಗತ್ಯ ಕಾಣದು.

ಭಾಷೆಯ ಹೋಲಿಕೆಗೆ ಇನ್ನೊಂದು ಮುಖವಿದೆ, ಅದು ನಮ್ಮನ್ನು ಚುಚ್ಚುವಂಥದ್ದು. ಶಾಲೆಯ ದಾಖಲೆಯಲ್ಲಿ ಮಾತೃಭಾಷೆ ಕನ್ನಡ ಎಂದು ಬರೆಸಿ, ಮನೆಯಲ್ಲಿ ಒಂದು ದಿನವೂ ಕನ್ನಡ ಆಡದಿದ್ದರೆ ಮಗುವಿಗೆ ಕನ್ನಡ ಬರುವುದಿಲ್ಲ. ಜ್ಞಾನಸ್ನಾನದ ದಾಖಲೆಯೂ ಹಾಗೆಯೇ. ಆದ್ದರಿಂದಲೇ ಸಂಹಿತೆಯ 868ನೆಯ ವಿಧಿ, ಮಗುವನ್ನು ಕಥೋಲಿಕ ವಿಶ್ವಾಸದಲ್ಲಿ ಬೆಳೆಸುವರೆಂಬ ಆಧಾರವುಳ್ಳ ನಿರೀಕ್ಷೆ ಇರಬೇಕೆಂದು ಕೇಳುತ್ತದೆ. ಅಂಥ ನಿರೀಕ್ಷೆ ಸಂಪೂರ್ಣವಾಗಿ ಇಲ್ಲವಾದಲ್ಲಿ ಕಾರಣವನ್ನು ತಂದೆತಾಯಿಗಳಿಗೆ ತಿಳಿಸಿ ಸಂಸ್ಕಾರವನ್ನು ಮುಂದೂಡಬೇಕಾಗುತ್ತದೆ. ಇದು ನಿರಾಕರಣೆ ಅಲ್ಲ. ತಂದೆತಾಯಿಗಳ ವಿವಾಹ ದೇವಾಲಯದಲ್ಲಿ ನಡೆದಿಲ್ಲ ಎಂಬ ಒಂದೇ ಕಾರಣಕ್ಕೆ, ಅಥವಾ ತಾಯಿ ಅವಿವಾಹಿತೆ ಎಂಬ ಕಾರಣಕ್ಕೆ, ಮಗುವಿಗೆ ಬಾಗಿಲು ಮುಚ್ಚಿದೆಯೆಂದು ಯಾರೂ ತಿಳಿಯಬಾರದು. ಅಜ್ಜಿಯೋ ಸೋದರತ್ತೆಯೋ ವಿಶ್ವಾಸದಲ್ಲಿ ಬೆಳೆಸುವ ಹೊಣೆ ಹೊರಲು ಸಿದ್ಧರಿದ್ದರೆ ಅದೂ ಆಧಾರವೇ. ಆದರೆ ತಂದೆತಾಯಿಗಳಲ್ಲಿ ಒಬ್ಬರಾದರೂ ಒಪ್ಪಿರಬೇಕು. ಮಗ ಸೊಸೆ ಬೇಡವೆಂದರೂ ಅಜ್ಜಿ ಗುಟ್ಟಾಗಿ ಅಡುಗೆಮನೆಯಲ್ಲಿ ಮೊಮ್ಮಗುವಿನ ತಲೆಗೆ ನೀರೆರೆಯುವುದು, ಅವಳ ಕಳವಳ ಎಷ್ಟೇ ನಿಜವಾಗಿದ್ದರೂ, ಪ್ರಾಣಾಪಾಯವಿಲ್ಲದಾಗ ಸಲ್ಲದ ಕೆಲಸ.

ಸಿದ್ಧತೆ ಎಂದರೆ ಮುಖ್ಯವಾಗಿ ತಂದೆತಾಯಿಗಳ ಸಿದ್ಧತೆ. ಹಳೆಯ ವಿಧಿಯಲ್ಲಿ ಗುರು ಪ್ರಶ್ನೆಗಳನ್ನು ಕೂಸಿಗೇ ಕೇಳುತ್ತಿದ್ದರು, ಜ್ಞಾನ ತಂದೆತಾಯಿಯರು ಅದರ ಪರವಾಗಿ ಉತ್ತರಿಸುತ್ತಿದ್ದರು; ವಯಸ್ಕರಿಗಾಗಿ ಹುಟ್ಟಿದ ವಿಧಿಯನ್ನೇ ಚಿಕ್ಕದು ಮಾಡಿ ಶಿಶುವಿಗೆ ತೊಡಿಸಿದಂತಿತ್ತು ಅದು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಇದನ್ನು ತಿದ್ದಲು ಆದೇಶಿಸಿತು. 1969ರಲ್ಲಿ ಬಂದ ಹೊಸ ವಿಧಿಯಲ್ಲಿ ಪ್ರಶ್ನೆಗಳು ನೇರವಾಗಿ ತಂದೆತಾಯಿಗಳಿಗೆ. ಮಗುವಿಗೆ ಯಾವ ಹೆಸರಿಡುತ್ತೀರಿ, ಧರ್ಮಸಭೆಯಿಂದ ಏನನ್ನು ಬೇಡುತ್ತೀರಿ, ದೇವರನ್ನೂ ನೆರೆಯವರನ್ನೂ ಪ್ರೀತಿಸುವಂತೆ ಇದನ್ನು ಬೆಳೆಸುವ ಹೊಣೆ ನಿಮಗೆ ಅರ್ಥವಾಗಿದೆಯೇ ಎಂದು ಬಾಗಿಲಲ್ಲಿಯೇ ಕೇಳಲಾಗುತ್ತದೆ. ಸೈತಾನನನ್ನು ತ್ಯಜಿಸುವುದಾಗಿ, ಪಿತ ಸುತ ಪವಿತ್ರಾತ್ಮರಲ್ಲಿ ವಿಶ್ವಾಸವಿಡುವುದಾಗಿ ಅವರು ತಮ್ಮ ಬಾಯಿಂದ ಹೇಳಬೇಕು. ಪಾಸ್ಖ ದೀಪದಿಂದ ಹೊತ್ತಿಸಿದ ಮೇಣದ ಬತ್ತಿಯನ್ನು ಸಾಮಾನ್ಯವಾಗಿ ತಂದೆಯೋ ಜ್ಞಾನ ತಂದೆಯೋ ಹಿಡಿಯುತ್ತಾರೆ; ಅದನ್ನು ಆರದಂತೆ ನೋಡಿಕೊಳ್ಳುವ ಹೊಣೆ ಅವರಿಗೆ ಒಪ್ಪಿಸಲ್ಪಡುತ್ತದೆ. ಛಾಯಾಚಿತ್ರಗ್ರಾಹಕರು ಹೇಳಿದ ಕಡೆ ಮುಖ ತಿರುಗಿಸುತ್ತಾ ಈ ಪ್ರಶ್ನೆಗಳಿಗೆ 'ಹೌದು' ಎನ್ನುವ ತಂದೆಗೆ ತಾನು ಏನನ್ನು ಒಪ್ಪಿಕೊಂಡೆ ಎಂಬುದು ಮನೆಗೆ ಹೋದ ಮೇಲೂ ತಿಳಿದಿರುವುದಿಲ್ಲ. ಮಗು ಅಳುತ್ತದೆಂದು ಮಾತ್ರ ಯಾರೂ ಗಾಬರಿಗೊಳ್ಳಬೇಕಾಗಿಲ್ಲ. ದಿವಂಗತ ಪೋಪ್ ಫ್ರಾನ್ಸಿಸರು ಸಿಸ್ಟಿನ್ ಪ್ರಾರ್ಥನಾಲಯದಲ್ಲಿ ಜ್ಞಾನಸ್ನಾನ ನೀಡುವಾಗ, ಹಸಿದ ಕೂಸುಗಳಿಗೆ ಸಂಕೋಚವಿಲ್ಲದೆ ಅಲ್ಲಿಯೇ ಹಾಲೂಡಿಸಿರಿ ಎಂದು ತಾಯಂದಿರಿಗೆ ಹೇಳುತ್ತಿದ್ದರು.

ಜ್ಞಾನ ತಂದೆತಾಯಿಯರ ಆಯ್ಕೆಯಲ್ಲಿ ನಮ್ಮ ಲೌಕಿಕತೆ ಎದ್ದು ಕಾಣುತ್ತದೆ. ಕಚೇರಿಯ ಮೇಲಧಿಕಾರಿ, ಸಾಲ ಕೊಟ್ಟ ಬಂಧು, ಒಳ್ಳೆಯ ಉಡುಗೊರೆ ತರಬಲ್ಲ ಅತ್ತೆ ಇವರೇ ಮೊದಲು ನೆನಪಾಗುತ್ತಾರೆ. ಸಂಹಿತೆ ಕೇಳುವುದು ಬೇರೆಯದನ್ನು: ಸಾಮಾನ್ಯವಾಗಿ ಹದಿನಾರು ವರ್ಷ ತುಂಬಿದ, ದೃಢೀಕರಣವನ್ನೂ ಪರಮಪ್ರಸಾದವನ್ನೂ ಪಡೆದಿರುವ, ಹೊತ್ತ ಹೊಣೆಗೆ ತಕ್ಕ ವಿಶ್ವಾಸದ ಬಾಳು ನಡೆಸುವ ಕಥೋಲಿಕರು. ಹೆತ್ತವರೇ ಆ ಸ್ಥಾನದಲ್ಲಿ ನಿಲ್ಲುವಂತಿಲ್ಲ. ಇಬ್ಬರಾದರೆ ಒಬ್ಬ ಪುರುಷ, ಒಬ್ಬ ಸ್ತ್ರೀ. ಒಬ್ಬರೇ ಇದ್ದರೂ ಸಾಕು. ಪ್ರಾಟೆಸ್ಟೆಂಟ್ ಸಭೆಯ ಸ್ನೇಹಿತರು ಕಥೋಲಿಕರೊಬ್ಬರ ಜೊತೆಯಲ್ಲಿ ಸಾಕ್ಷಿಯಾಗಿ ನಿಲ್ಲಬಹುದು. ಪಕ್ಕದ ಮನೆಯಲ್ಲಿದ್ದು, ಭಾನುವಾರ ತಪ್ಪದೆ ಬಲಿಪೂಜೆಗೆ ಹೋಗುವಾಗ ಮಗುವಿನ ಕೈ ಹಿಡಿದು ಕರೆದೊಯ್ಯಬಲ್ಲ ಬಡ ಚಿಕ್ಕಮ್ಮ, ದೂರದ ಶ್ರೀಮಂತ ಮಾವನಿಗಿಂತ ನೂರು ಪಾಲು ಮೇಲು.

ಹೆಸರು ಕ್ರೈಸ್ತ ಭಾವನೆಗೆ ಹೊರತಾಗಿರಬಾರದು ಎಂದಷ್ಟೇ ಇಂದಿನ ನಿಯಮ. ಕರುಣಾ, ಜ್ಯೋತಿ, ದಯಾನಂದ ಇವೆಲ್ಲ ಸಲ್ಲುವ ಹೆಸರುಗಳೇ. ಕ್ಸೇವಿಯರರನ್ನು ಚೌರಪ್ಪನಾಗಿಯೂ ಪೇತ್ರರನ್ನು ರಾಯಪ್ಪನಾಗಿಯೂ ಇಗ್ನಾಸಿಯವರನ್ನು ಇನ್ನಾಸಪ್ಪನಾಗಿಯೂ ನಮ್ಮವರನ್ನಾಗಿಸಿಕೊಂಡ ಹಿರಿಯರ ಹೆಸರುಗಳನ್ನು ಮೊಮ್ಮಕ್ಕಳಿಗಿಡಲು ನಾಚಿಕೆಪಡುವ ಕಾಲ ಬಂದಿರುವುದು ಮಾತ್ರ ಬೇಸರದ ಸಂಗತಿ. ಮಗುವಿನ ಹೆಸರೂ ತಂದೆತಾಯಿಗಳ ಹೆಸರೂ ಸರ್ಕಾರಿ ಜನನ ಪ್ರಮಾಣಪತ್ರದಲ್ಲಿ ಇರುವಂತೆಯೇ ಜ್ಞಾನಸ್ನಾನದ ದಾಖಲೆಯಲ್ಲಿಯೂ ಇರಲಿ. ಮುಂದೆ ದೃಢೀಕರಣ, ವಿವಾಹಗಳ ವಿವರವೂ ಇದೇ ದಾಖಲೆಯಲ್ಲಿ ಸೇರುತ್ತದೆ, ಅಕ್ಷರ ವ್ಯತ್ಯಾಸದಿಂದ ಮದುವೆಯ ಹೊತ್ತಿಗೆ ಅಲೆದಾಡುವವರು ಬಹಳ. ಸಂಸ್ಕಾರ ನಡೆಯಬೇಕಾದದ್ದು ಸಾಮಾನ್ಯವಾಗಿ ತಂದೆತಾಯಿಗಳ ಧರ್ಮಕೇಂದ್ರದಲ್ಲಿ. ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದವರು ಅಲ್ಲಿಯೇ ನಡೆಸಬೇಕೆಂದಿದ್ದರೆ ತಮ್ಮ ಗುರುಗಳನ್ನು ಮೊದಲೇ ಕೇಳಿ ಒಪ್ಪಿಗೆ ಪತ್ರ ತರುವುದು ಲೇಸು.

ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿ ಮಗುವಿನ ಜೀವ ಅಪಾಯದಲ್ಲಿದ್ದಾಗ ಏನು ಮಾಡಬೇಕೆಂಬುದು ಪ್ರತಿ ಕುಟುಂಬಕ್ಕೂ ತಿಳಿದಿರಬೇಕು. ಗುರುಗಳಿಗಾಗಿ ಕಾಯಬೇಕಾಗಿಲ್ಲ. ತಂದೆ, ತಾಯಿ, ದಾದಿ, ಕ್ರೈಸ್ತರಲ್ಲದ ವೈದ್ಯರು ಕೂಡ, ಧರ್ಮಸಭೆ ಮಾಡುವುದನ್ನೇ ಮಾಡುವ ಉದ್ದೇಶದಿಂದ ಜ್ಞಾನಸ್ನಾನ ಕೊಡಬಹುದು. ಮಗುವಿನ ತಲೆಯ ಮೇಲೆ ಶುದ್ಧವಾದ ನೀರನ್ನು ಸುರಿಯುತ್ತಾ, ಅದರ ಹೆಸರು ಹಿಡಿದು, ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದು ಹೇಳಬೇಕು. ಯಂತ್ರಗಳ ನಡುವೆ ಹೆಚ್ಚು ನೀರು ಸಾಧ್ಯವಿಲ್ಲದಿದ್ದರೆ ಸ್ವಲ್ಪವೇ ಸಾಕು, ಆದರೆ ಅದು ಚರ್ಮದ ಮೇಲೆ ಹರಿಯಬೇಕು. 'ನಾನು' ಎಂಬಲ್ಲಿ 'ನಾವು' ಎಂದು ಬದಲಾಯಿಸಿದರೆ ಸಂಸ್ಕಾರ ಸಿಂಧುವಾಗುವುದಿಲ್ಲ ಎಂದು ವ್ಯಾಟಿಕನ್ 2020ರಲ್ಲಿ ಸ್ಪಷ್ಟಪಡಿಸಿದೆ. ಮಗು ಉಳಿದರೆ, ದೇವರ ದಯೆಯಿಂದ ಹಾಗಾಗುವುದೇ ಹೆಚ್ಚು, ಧರ್ಮಕೇಂದ್ರಕ್ಕೆ ತಿಳಿಸಿ ದಾಖಲೆ ಮಾಡಿಸಬೇಕು. ತೈಲಾಭಿಷೇಕ, ಶ್ವೇತವಸ್ತ್ರ, ದೀಪ ಮುಂತಾದ ಉಳಿದ ವಿಧಿಗಳನ್ನು ದೇವಾಲಯದಲ್ಲಿ ಪೂರೈಸಲಾಗುತ್ತದೆ. ನೀರನ್ನು ಮತ್ತೆ ಸುರಿಯುವುದಿಲ್ಲ.

ಇನ್ನು ಖರ್ಚಿನ ವಿಚಾರ. ಸಾಲ ಮಾಡಿ ಐನೂರು ಜನರಿಗೆ ಊಟ ಹಾಕಲು ಹಣ ಕೂಡಲಿ ಎಂದೇ ತಿಂಗಳುಗಟ್ಟಲೆ ಕಾಯುವ ಬಡ ಕುಟುಂಬಗಳಿವೆ. ಅವರ ಮೇಲೆ ಆ ಭಾರವನ್ನು ಹೊರಿಸಿದವರು ಅನುಕೂಲಸ್ಥರಾದ ನಾವು. ನಾವು ಹಾಕಿದ ಪಂಗ್ತಿಯನ್ನು ನೋಡಿ ಅವರು ಅಳುಕುತ್ತಾರೆ. ಸಂಸ್ಕಾರಕ್ಕೂ ಊಟಕ್ಕೂ ಒಂದೇ ದಿನ ಆಗಬೇಕೆಂಬ ನಿಯಮವೆಲ್ಲಿದೆ? ಬರುವ ಭಾನುವಾರದ ಬಲಿಪೂಜೆಯಲ್ಲಿ ಮಗುವಿಗೆ ಜ್ಞಾನಸ್ನಾನವಾಗಲಿ, ಮನೆಯಲ್ಲಿ ಪಾಯಸ ಮಾಡಿ ಅಕ್ಕಪಕ್ಕದವರನ್ನು ಕರೆಯಿರಿ. ಕೊಲ್ಲಿಯಿಂದ ಚಿಕ್ಕಪ್ಪ ಬಂದಾಗ ದೊಡ್ಡ ಊಟವನ್ನು ಹಾಕಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಗುರುಗಳಾದ ನಮ್ಮ ಪಾಲೂ ಇದರಲ್ಲಿದೆ. ಮೂರು ತಿಂಗಳಿಗೊಮ್ಮೆ ಮಾತ್ರ ಜ್ಞಾನಸ್ನಾನ ಎಂಬ ಫಲಕ ಹಾಕಿ, ನಂತರ ಜನ ತಡಮಾಡುತ್ತಾರೆಂದು ಪ್ರಸಂಗದಲ್ಲಿ ದೂರುವುದು ತರವಲ್ಲ. ಕಾಣಿಕೆ ಕೊಡಲಾಗದ ಕಾರಣಕ್ಕೆ ಯಾರೂ ಸಂಸ್ಕಾರದಿಂದ ವಂಚಿತರಾಗಬಾರದೆಂದು ಸಂಹಿತೆಯ 848ನೆಯ ವಿಧಿ ನಮಗೇ ಹೇಳಿದೆ.

ಮನೆಯಲ್ಲಿ ಸೊಸೆಗೋ ಮಗಳಿಗೋ ಏಳು ತಿಂಗಳು ತುಂಬಿದ್ದರೆ ಸೀಮಂತದ ಸೀರೆ ಕೊಳ್ಳುವ ವಾರವೇ ದಂಪತಿಗಳು ಧರ್ಮಕೇಂದ್ರದ ಕಚೇರಿಗೂ ಒಮ್ಮೆ ಬರಲಿ. ವಿವಾಹದ ದಾಖಲೆಯ ಪ್ರತಿ, ಜ್ಞಾನ ತಂದೆತಾಯಿಯರಾಗಿ ಮನಸ್ಸಿನಲ್ಲಿರುವವರ ದೃಢೀಕರಣದ ವಿವರ ಜೊತೆಗಿರಲಿ. ಉಪದೇಶದ ಎರಡು ಮೂರು ಭೇಟಿಗಳನ್ನು ಹೆರಿಗೆಗೆ ಮುಂಚೆಯೇ ಮುಗಿಸಬಹುದು. ಕೂಸನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆಗೆಟ್ಟ ಕಣ್ಣುಗಳಿಂದ ತರಗತಿಯಲ್ಲಿ ಕೂರುವ ಪಾಡು ತಪ್ಪುತ್ತದೆ. ದಿನಾಂಕದ ಜಾಗವನ್ನು ಖಾಲಿ ಬಿಟ್ಟು ಉಳಿದೆಲ್ಲವನ್ನೂ ಅಂದೇ ಅರ್ಜಿಯಲ್ಲಿ ತುಂಬಿಸಿಡಬಹುದು. ಮಗು ಹುಟ್ಟಿದ ಮೇಲೆ ಒಂದು ದೂರವಾಣಿ ಕರೆ ಸಾಕು.